ಶ್ರೀಮತಿ ಉಮಾಬಾಯಿ ಕುಂದಾಪುರ ಮತ್ತು ಹುಬ್ಬಳ್ಳಿಯ ಭಗಿನಿ ಮಂಡಲ

ಕರ್ನಾಟಕದಲ್ಲಿ ಮಹಿಳೆಯರನ್ನು ಸ್ವಾತಂತ್ರ್ಯ ಚಳವಳಿಗೆ ಸಂಘಟಿಸಿದವರಲ್ಲಿ ಶ್ರೀಮತಿ ಉಮಾಬಾಯಿ ಕುಂದಾಪುರ ಅವರು ಪ್ರಮುಖರು. ಹುಬ್ಬಳ್ಳಿಯ ಭಗಿನಿ ಮಂಡಲ ಮತ್ತು ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗಗಳ ಮೂಲಕ ಅವರು ಸಲ್ಲಿಸಿದ ಸೇವೆ ಸ್ಮರಣೀಯವಾದುದು.

ಜನನ ಮತ್ತು ಶಿಕ್ಷಣ

ಉಮಾಬಾಯಿಯವರು 1892ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ತವರಿನ ಹೆಸರು ಭವಾನಿ ಗೋಳಿಕೇರಿ. ಬಾಲ್ಯದಲ್ಲಿಯೇ ಅವರಿಗೆ ಸಂಜೀವರಾವ್ ಕುಂದಾಪುರ ಅವರೊಂದಿಗೆ ವಿವಾಹವಾಯಿತು. ಮಾವನವರಾದ ಆನಂದರಾವ್ ಕುಂದಾಪುರ ಅವರು ಸ್ತ್ರೀಶಿಕ್ಷಣದ ಪಕ್ಷಪಾತಿಗಳಾಗಿದ್ದರು. ಅವರ ಪ್ರೋತ್ಸಾಹದಿಂದ ಉಮಾಬಾಯಿಯವರು ವಿವಾಹಾನಂತರವೂ ವಿದ್ಯಾಭ್ಯಾಸ ಮುಂದುವರಿಸಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಬಳಿಕ ಮುಂಬಯಿಯಲ್ಲಿ ಮಹಿಳೆಯರಿಗೆ ಪಾಠ ಹೇಳುವ ಕಾರ್ಯದಲ್ಲಿ ತೊಡಗಿದರು. ಅಲ್ಲಿದ್ದಾಗಲೇ ಖಾದಿ ಪ್ರಚಾರವನ್ನೂ ಕೈಗೊಂಡರು.

ಹುಬ್ಬಳ್ಳಿಯಲ್ಲಿ ಸಂಘಟನೆ

1923ರಲ್ಲಿ ಪತಿಯ ನಿಧನಾನಂತರ ಉಮಾಬಾಯಿಯವರು ಮಾವನವರೊಂದಿಗೆ ಹುಬ್ಬಳ್ಳಿಗೆ ಬಂದು ನೆಲೆಸಿದರು. ಆನಂದರಾವ್ ಅವರು ಅಲ್ಲಿ ಕರ್ನಾಟಕ ಪ್ರೆಸ್ ಎಂಬ ಮುದ್ರಣಾಲಯವನ್ನು ನಡೆಸಿದರು. ತಿಲಕ್ ಕನ್ಯಾಶಾಲೆಯ ಹೊಣೆಯನ್ನು ಉಮಾಬಾಯಿಯವರು ವಹಿಸಿಕೊಂಡರು. ವಿಧವೆಯರು ಮನೆಯ ಹೊಸ್ತಿಲು ದಾಟುವುದೇ ಕಷ್ಟವಾಗಿದ್ದ ಕಾಲವದು. ಅಂತಹ ಸಂದರ್ಭದಲ್ಲಿ ಸಹಕಾರ್ಯಕರ್ತೆಯರೊಡಗೂಡಿ ಅವರು ಭಗಿನಿ ಮಂಡಲದ ಮೂಲಕ ಸ್ತ್ರೀಯರಲ್ಲಿ ಸ್ವದೇಶಿ ವ್ರತ ಮತ್ತು ದೇಶಸೇವೆಯ ಭಾವನೆಯನ್ನು ಬೆಳೆಸಿದರು. ಡಾ. ನಾ.ಸು. ಹರ್ಡೀಕರ್ ಅವರು 1923ರಲ್ಲಿ ಸ್ಥಾಪಿಸಿದ ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗದ ನೇತೃತ್ವವೂ ಅವರದಾಯಿತು.

ಬೆಳಗಾವಿ ಅಧಿವೇಶನ, 1924

ಮಹಾತ್ಮ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವು 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಜರುಗಿತು. ಹೊಳಲು ಗ್ರಾಮವಿರುವ ಹಡಗಲಿ ಭಾಗವು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರೆ, ಹುಬ್ಬಳ್ಳಿ ಮತ್ತು ಬೆಳಗಾವಿಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಹೀಗೆ ಹಂಚಿಹೋಗಿದ್ದ ಕನ್ನಡಿಗರಿಗೆ ಸಮಾನ ಪರಂಪರೆಯನ್ನು ನೆನಪಿಸುವಂತೆ ಅಧಿವೇಶನದ ನಗರಕ್ಕೆ 'ವಿಜಯನಗರ' ಎಂದೂ, ನೀರಿಗಾಗಿ ತೋಡಿದ ಬಾವಿಗೆ 'ಪಂಪಾ ಸರೋವರ' ಎಂದೂ ಹೆಸರಿಡಲಾಯಿತು. ಪ್ರಥಮ ಕರ್ನಾಟಕ ಏಕೀಕರಣ ಪರಿಷತ್ತೂ ಅದೇ ಸಂದರ್ಭದಲ್ಲಿ ಅಲ್ಲಿಯೇ ನಡೆಯಿತು.

ಈ ಅಧಿವೇಶನದ ಸೇವಾಕಾರ್ಯಕ್ಕಾಗಿ ಉಮಾಬಾಯಿಯವರು ಊರೂರು ಸುತ್ತಿ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸೇರಿಸಿದರು. ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಈ ಕಾರ್ಯದಲ್ಲಿ ಅವರಿಗೆ ನೆರವಾದರು.

ಸೆರೆಮನೆ ಮತ್ತು ನಿಷೇಧ

1932ರಲ್ಲಿ ಉಮಾಬಾಯಿಯವರನ್ನು ಬಂಧಿಸಿ ಯರವಡಾ ಸೆರೆಮನೆಯಲ್ಲಿ ನಾಲ್ಕು ತಿಂಗಳು ಇರಿಸಲಾಯಿತು. ಬಿಡುಗಡೆಯಾಗಿ ಬಂದಾಗ ಮುದ್ರಣಾಲಯ ಸರ್ಕಾರದ ವಶವಾಗಿತ್ತು, ಶಾಲೆಗೆ ಬೀಗಮುದ್ರೆ ಬಿದ್ದಿತ್ತು, ಭಗಿನಿ ಮಂಡಲವನ್ನು ಕಾನೂನುಬಾಹಿರವೆಂದು ಘೋಷಿಸಲಾಗಿತ್ತು. ತಂದೆಯಂತೆ ಬೆಂಬಲವಾಗಿ ನಿಂತಿದ್ದ ಮಾವನವರೂ ಕಾಲವಾಗಿದ್ದರು.

ಆದರೆ ಕಾರ್ಯ ನಿಲ್ಲಲಿಲ್ಲ. ಸೆರೆಮನೆಯಿಂದ ಹೊರಬಂದು, ಊರಿಗೆ ಹಿಂದಿರುಗಲು ಹಣವಿಲ್ಲದೆ ನಿಂತ ಮಹಿಳೆಯರಿಗೆ ಉಮಾಬಾಯಿಯವರ ಪುಟ್ಟ ಮನೆಯೇ ಆಶ್ರಯವಾಯಿತು. 1934ರಲ್ಲಿ ಬಿಹಾರದಲ್ಲಿ ಭೀಕರ ಭೂಕಂಪ ಸಂಭವಿಸಿದಾಗ ಸ್ವಯಂಸೇವಕರೊಂದಿಗೆ ಅಲ್ಲಿಗೆ ತೆರಳಿ ಪರಿಹಾರ ಶಿಬಿರಗಳಲ್ಲಿ ಸೇವೆ ಸಲ್ಲಿಸಿದರು. 1942ರ ಚಳವಳಿಯಲ್ಲಿ ಭೂಗತರಾಗಿದ್ದ ಹೋರಾಟಗಾರರು ರಾತ್ರಿ ವೇಳೆ ಅವರ ಮನೆಗೆ ಬಂದು ಊಟ ಮತ್ತು ಧನಸಹಾಯ ಪಡೆಯುತ್ತಿದ್ದರು.

ಕಸ್ತೂರಬಾ ಟ್ರಸ್ಟ್

1946ರಲ್ಲಿ ಗಾಂಧೀಜಿಯವರು ಉಮಾಬಾಯಿಯವರನ್ನು ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯ ಪ್ರತಿನಿಧಿಯನ್ನಾಗಿ ನೇಮಿಸಿದರು. ಗ್ರಾಮೀಣ ಮಹಿಳೆಯರ ಮತ್ತು ಮಕ್ಕಳ ಏಳಿಗೆ ಈ ಟ್ರಸ್ಟಿನ ಉದ್ದೇಶ. ಇದಕ್ಕಾಗಿ ಗ್ರಾಮಸೇವಕಿಯರನ್ನು ತರಬೇತಿಗೊಳಿಸಲು ಅವರು ಶ್ರಮಿಸಿದರು. ಹಣದ ಕೊರತೆ ಎದುರಾದಾಗ ಮನೆ ಮನೆಗೆ ತೆರಳಿ ದೇಣಿಗೆ ಸಂಗ್ರಹಿಸಿದರು.

ಸ್ವಾತಂತ್ರ್ಯಾನಂತರ

ಸ್ವಾತಂತ್ರ್ಯಾನಂತರ ಅಧಿಕಾರವಾಗಲಿ, ಹೋರಾಟಗಾರರಿಗೆ ನೀಡುವ ಪಿಂಚಣಿ ಮತ್ತು ತಾಮ್ರಪತ್ರಗಳಾಗಲಿ ತಮಗೆ ಬೇಡವೆಂದು ಅವರು ನಿರಾಕರಿಸಿದರು. ಹುಬ್ಬಳ್ಳಿಯ ಚಿಕ್ಕ ಮನೆಯಲ್ಲಿಯೇ ಸರಳವಾಗಿ ಬಾಳಿದರು. ಆ ಮನೆಯ ಹೆಸರು 'ಆನಂದ ಸ್ಮೃತಿ'. ಸೊಸೆಯ ಕೈಗೆ ಪುಸ್ತಕವನ್ನಿತ್ತ ಮಾವನವರ ನೆನಪನ್ನು ಅವರು ಹೀಗೆ ಉಳಿಸಿಕೊಂಡರು. ಉಮಾಬಾಯಿಯವರು 1992ರಲ್ಲಿ, ತಮ್ಮ ಶತಮಾನದ ವರ್ಷದಲ್ಲಿ ನಿಧನರಾದರು.

ಆದೇಶವೊಂದರಿಂದ ಸಂಸ್ಥೆಯನ್ನು ಮುಚ್ಚಬಹುದು. ಅದು ರೂಢಿಸಿದ ಸೇವಾಗುಣವನ್ನು ಮುಚ್ಚಲಾಗದು ಎಂಬುದಕ್ಕೆ ಉಮಾಬಾಯಿಯವರ ಜೀವನವೇ ಸಾಕ್ಷಿ.