ಮನೆಯ ರೂಟರಿನಲ್ಲಿ ದ್ವಾರ ತೆರೆಯುವ ಕ್ರಮ

ನಮ್ಮ ಶಾಲೆಯಲ್ಲಿ ಓದಿ ಹೊರಟ ಬಾಲಿಕೆಯರಲ್ಲಿ ಅನೇಕರು ಈಗ ಗೃಹಿಣಿಯರೂ ಉದ್ಯೋಗಸ್ಥರೂ ಆಗಿ ದೂರದ ಊರುಗಳಲ್ಲಿ ವಾಸಿಸುತ್ತಾರೆ. ತಾಯಿತಂದೆಗಳು ಊರಿನಲ್ಲಿ, ಮಗಳು ಮುಂಬಯಿಯಲ್ಲಿ, ಮಗನು ಪರದೇಶದಲ್ಲಿ ಇರುವದು ಇಂದು ಸಾಮಾನ್ಯವಾದ ಸಂಗತಿ. ಮನೆತನದ ಭಾವಚಿತ್ರಗಳು, ಹಿರಿಯರ ಕಾಗದಪತ್ರಗಳ ಪ್ರತಿಗಳು, ಮಕ್ಕಳ ಹಾಡುಗಳು ಇವೆಲ್ಲವೂ ಮನೆಯ ಕಂಪ್ಯೂಟರಿನಲ್ಲಿ ಕೂಡಿಕೊಂಡಿರುತ್ತವೆ. ದೂರದಲ್ಲಿರುವ ಮಕ್ಕಳು ಇದ್ದಲ್ಲಿಂದಲೇ ಇವುಗಳನ್ನು ತೆಗೆದುಕೊಳ್ಳುವಂತೆ ಮಾಡುವದಕ್ಕೆ ಒಂದು ಉಪಾಯವುಂಟು. ಅದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು. ಇದರ ಸ್ವರೂಪವೇನು, ಇದನ್ನು ಏರ್ಪಡಿಸುವದು ಹೇಗೆ, ಇದರಿಂದ ಬರಬಹುದಾದ ಅಪಾಯವನ್ನು ತಡೆಯುವದು ಹೇಗೆ ಎಂಬೀ ಮೂರು ವಿಷಯಗಳನ್ನು ವಾಚಕರ ಮುಂದಿಡಲು ಯತ್ನಿಸುತ್ತೇವೆ.

ಇಂಟರ್‌ನೆಟ್ಟಿನಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಬೇಕು. ಇಂದಿಗೂ ಬಹಳವಾಗಿ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯ ಕ್ರಮದಲ್ಲಿ ಆಗಬಹುದಾದ ವಿಳಾಸಗಳು ಸುಮಾರು ೪೨೯ ಕೋಟಿ ಮಾತ್ರ. ಲೋಕದ ಜನಸಂಖ್ಯೆಗೇ ಇದು ಸಾಲದು. ಈ ಕೊರತೆಯನ್ನು ಮೊದಲೇ ಕಂಡ ತಜ್ಞರು ೧೯೯೪ರಲ್ಲಿ ‘ನ್ಯಾಟ್’ ಎಂಬ ವಿಳಾಸ ಬದಲಿಸುವ ಕ್ರಮವನ್ನು ಪ್ರಕಟಿಸಿದರು. ಅದರಂತೆ ಒಂದು ಮನೆಗೆ ಹೊರಗಿನ ವಿಳಾಸ ಒಂದೇ. ಮನೆಯೊಳಗಿನ ಯಂತ್ರಗಳಿಗೆ ಬೇರೆ ಒಳವಿಳಾಸಗಳು. ೧೯೨.೧೬೮ ಎಂದು ಆರಂಭವಾಗುವ ವಿಳಾಸಗಳು ಹೀಗೆ ಒಳಬಳಕೆಗೆ ಮೀಸಲಾದವುಗಳು. ೨೦೧೧ನೆಯ ಫೆಬ್ರುವರಿ ೩ರಂದು ಜಗತ್ತಿನ ಮುಖ್ಯ ಉಗ್ರಾಣದಲ್ಲಿ ಉಳಿದಿದ್ದ ವಿಳಾಸಗಳ ಕಡೆಯ ಭಾಗಗಳೂ ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿಹೋದವು. ಆದಕಾರಣ ಈ ಏರ್ಪಾಡು ಈಗ ಅನಿವಾರ್ಯವಾಗಿದೆ.

ಬೋರ್ಡಿಂಗಿನಲ್ಲಿ ವಾಸಿಸಿದವರಿಗೆ ಇದನ್ನು ತಿಳಿಯುವದು ಸುಲಭ. ಬೋರ್ಡಿಂಗಿಗೆ ಅಂಚೆಯ ವಿಳಾಸ ಒಂದೇ. ಒಳಗಿರುವ ಬಾಲಿಕೆಯರು ಅನೇಕರು. ಯಾವ ಹುಡುಗಿ ಯಾರಿಗೆ ಕಾಗದ ಬರೆದಳೆಂಬುದನ್ನು ಮೇಟ್ರನ್ ಅಮ್ಮನವರು ಪುಸ್ತಕದಲ್ಲಿ ಗುರುತಿಟ್ಟುಕೊಂಡಿದ್ದರೆ, ಉತ್ತರವು ಬಂದಾಗ ಅದನ್ನು ಅವಳಿಗೇ ಮುಟ್ಟಿಸುವರು. ಆದರೆ ಯಾರೂ ಬರೆದು ಕರೆಯದ ಅಪರಿಚಿತನು ಬಾಗಿಲಿಗೆ ಬಂದರೆ ಅವನನ್ನು ಹಿಂದಕ್ಕೆ ಕಳುಹಿಸುವರು. ಮನೆಯ ರೂಟರ್ ಮಾಡುವದೂ ಇಷ್ಟೇ. ಒಳಗಿನಿಂದ ಹೋದ ಕೇಳಿಕೆಯ ಉತ್ತರವನ್ನು ಅದು ಒಳಗೆ ಬಿಡುವದು. ತಾನಾಗಿ ಹೊರಗಿನಿಂದ ಬಂದ ಕೇಳಿಕೆಯನ್ನು ಬಿಡದು. ದೂರದಲ್ಲಿರುವ ಮಗಳ ಕೇಳಿಕೆಯೂ ಹೊರಗಿನಿಂದ ಬರುವದಷ್ಟೆ? ಆದುದರಿಂದ ‘ಇಂಥ ದ್ವಾರವನ್ನು ಕೇಳಿಕೊಂಡು ಬಂದವರನ್ನು ಇಂಥ ಕೋಣೆಗೆ ಕಳುಹಿಸು’ ಎಂದು ರೂಟರಿಗೆ ಮುಂಚಿತವಾಗಿ ಅಪ್ಪಣೆ ಕೊಡಬೇಕು. ಆ ಅಪ್ಪಣೆಯೇ ಪೋರ್ಟ್ ಫಾರ್ವರ್ಡಿಂಗ್.

ಪೋರ್ಟ್ ಎಂದರೆ ಅಂಕೆ ಹಾಕಿದ ದ್ವಾರ. ಅಂಕೆಗಳು ೬೫,೫೩೫ರ ವರೆಗೆ ಇರುತ್ತವೆ. ಗುಪ್ತ ಲಿಪಿಯಲ್ಲಿ ಕಡತಗಳನ್ನು ಸಾಗಿಸುವ ಎಸ್‌ಎಫ್‌ಟಿಪಿ ಎಂಬ ಕ್ರಮಕ್ಕೆ ೨೨ನೆಯ ದ್ವಾರವು ವಾಡಿಕೆಯದು. ಇದು ಫಿನ್ಲೆಂಡಿನ ತಾತು ಯೂಲೋನೆನ್ ಎಂಬವರು ೧೯೯೫ರಲ್ಲಿ ರಚಿಸಿದ ಎಸ್‌ಎಸ್‌ಎಚ್ ಎಂಬ ಕ್ರಮದಿಂದ ಬೆಳೆದುದು. ೨೧ನೆಯ ದ್ವಾರದ ಹಳೆಯ ಎಫ್‌ಟಿಪಿ ಕ್ರಮದಲ್ಲಾದರೋ ಗುಪ್ತಪದವೂ ತೆರೆದ ಕಾಗದದಂತೆ ಸಾಗುವದರಿಂದ ಅದನ್ನು ಉಪಯೋಗಿಸತಕ್ಕದ್ದಲ್ಲ.

ಇನ್ನು ಏರ್ಪಡಿಸುವ ಕ್ರಮ. ಮೊದಲನೆಯದಾಗಿ, ಕಡತಗಳಿರುವ ಕಂಪ್ಯೂಟರಿಗೆ ಸ್ಥಿರವಾದ ಒಳವಿಳಾಸವನ್ನು, ಉದಾಹರಣೆಗೆ ೧೯೨.೧೬೮.೧.೫೦ ಎಂಬುದನ್ನು, ರೂಟರಿನಲ್ಲಿಯೇ ಕಾದಿರಿಸಬೇಕು. ಇಲ್ಲವಾದರೆ ವಿಳಾಸವು ಬದಲಾಗಿ ಅಪ್ಪಣೆಯು ಬೇರೆ ಯಂತ್ರವನ್ನು ಮುಟ್ಟುವದು. ಎರಡನೆಯದಾಗಿ, ಆ ಕಂಪ್ಯೂಟರಿನಲ್ಲಿ ಎಸ್‌ಎಫ್‌ಟಿಪಿ ಸೇವೆಯನ್ನು ಆರಂಭಿಸಿ, ಅದರ ಕಾವಲುಗೋಡೆಯಾದ ಫೈರ್‌ವಾಲ್ ಆ ಸೇವೆಗೆ ಎಡೆಕೊಡುವಂತೆ ಮಾಡಬೇಕು. ಮೂರನೆಯದಾಗಿ, ರೂಟರಿನ ವ್ಯವಸ್ಥೆಯ ಪುಟವನ್ನು ತೆರೆಯಬೇಕು. ಅದರ ವಿಳಾಸವು ಬಹುಮಟ್ಟಿಗೆ ೧೯೨.೧೬೮.೧.೧ ಅಥವಾ ೧೯೨.೧೬೮.೦.೧ ಎಂದಿರುವದು. ಅಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಇಲ್ಲವೆ ‘ವರ್ಚುವಲ್ ಸರ್ವರ್’ ಎಂಬ ಭಾಗದಲ್ಲಿ ನಾಲ್ಕು ಸಂಗತಿಗಳನ್ನು ತುಂಬಬೇಕು: ಹೊರಗಿನ ದ್ವಾರದ ಅಂಕೆ, ಕಂಪ್ಯೂಟರಿನ ಒಳವಿಳಾಸ, ಒಳಗಿನ ದ್ವಾರದ ಅಂಕೆ, ಸಾಗಣೆಯ ಕ್ರಮ. ನಮ್ಮ ಉದಾಹರಣೆಯಲ್ಲಿ ಇವು ಕ್ರಮವಾಗಿ ೨೨೨೨, ೧೯೨.೧೬೮.೧.೫೦, ೨೨ ಮತ್ತು ಟಿಸಿಪಿ ಎಂದಾಗುವವು. ಕಡೆಯದಾಗಿ, ಮನೆಯ ವೈಫೈಯನ್ನು ಬಿಟ್ಟು ಮೊಬೈಲಿನ ಡೇಟಾದ ಮೂಲಕ ಹೊರಗಿನಿಂದ ಪರೀಕ್ಷಿಸಿ ನೋಡಬೇಕು.

ಇಷ್ಟಾದರೂ ದಾರಿ ತೆರೆಯದಿದ್ದರೆ ರೂಟರಿನ ಪುಟದಲ್ಲಿ ತೋರುವ ಹೊರವಿಳಾಸವನ್ನು ಪರಿಶೋಧಿಸಬೇಕು. ಅದು ೧೦ ಎಂದಾಗಲಿ, ೧೦೦.೬೪ ಮೊದಲ್ಗೊಂಡು ೧೦೦.೧೨೭ರ ವರೆಗಿನ ಅಂಕೆಗಳಿಂದಾಗಲಿ ಆರಂಭವಾದರೆ, ಸಂಪರ್ಕ ಒದಗಿಸುವ ಕಂಪನಿಯು ಅನೇಕ ಮನೆಗಳಿಗೆ ಒಂದೇ ವಿಳಾಸವನ್ನು ಹಂಚಿಕೊಟ್ಟಿದೆಯೆಂದು ತಿಳಿಯಬೇಕು. ಆಗ ಬೀದಿಯ ಹೆಬ್ಬಾಗಿಲು ಕಂಪನಿಯ ಕೈಯಲ್ಲಿರುವದರಿಂದ ನಾವು ಮನೆಯ ಬಾಗಿಲನ್ನು ತೆರೆದು ಪ್ರಯೋಜನವಿಲ್ಲ; ಸ್ವಂತವಾದ ಹೊರವಿಳಾಸವನ್ನು ಕಂಪನಿಯವರಿಂದ ಕೇಳಿ ಪಡೆಯಬೇಕು. ಸ್ವಂತ ವಿಳಾಸವಿದ್ದರೂ ಅದು ಆಗಾಗ ಬದಲಾಗುವದುಂಟು. ಅದಕ್ಕೆ ‘ಡೈನಾಮಿಕ್ ಡಿಎನ್‌ಎಸ್’ ಎಂಬ ಸೇವೆಯಿಂದ ಬದಲಾಗದ ಹೆಸರೊಂದನ್ನು ಇಟ್ಟುಕೊಂಡರೆ ತೊಂದರೆ ನೀಗುವದು.

ಈಗ ಅಪಾಯದ ಮಾತು. ಮಗಳಿಗಾಗಿ ತೆರೆದ ದ್ವಾರವು ಲೋಕಕ್ಕೆಲ್ಲ ತೆರೆದ ದ್ವಾರವೇ. ಇಂಟರ್‌ನೆಟ್ಟಿನ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿ ನೋಡುವ ಯಂತ್ರಗಳು ಹಗಲಿರುಳೂ ತಿರುಗುತ್ತಿರುತ್ತವೆ. ೨೦೧೭ನೆಯ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ವಿಂಡೋಸ್ ಯಂತ್ರಗಳು ಕಡತ ಹಂಚಿಕೊಳ್ಳಲು ಬಳಸುವ ೪೪೫ನೆಯ ದ್ವಾರದಿಂದ ನುಗ್ಗಿ, ಕಡತಗಳಿಗೆ ಬೀಗ ಜಡಿದು, ಬಿಡುಗಡೆಗೆ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನೇ ಮುಂದಕ್ಕೆ ಹಾಕಬೇಕಾಯಿತು. ಈ ದೋಷದ ಪರಿಹಾರವನ್ನು ಮೈಕ್ರೋಸಾಫ್ಟ್ ಕಂಪನಿಯು ಅದೇ ವರ್ಷದ ಮಾರ್ಚಿಯಲ್ಲಿಯೇ ಕೊಟ್ಟಿತ್ತು. ಅದನ್ನು ಅಳವಡಿಸದವರೇ ಬಹಳವಾಗಿ ನಷ್ಟಪಟ್ಟರು. ೨೦೨೧ನೆಯ ಏಪ್ರಿಲಿನಲ್ಲಿ ಕ್ಯೂಲಾಕರ್ ಎಂಬ ಇನ್ನೊಂದು ತಂತ್ರಾಂಶವು ಕ್ಯೂನ್ಯಾಪ್ ಎಂಬ ಹೆಸರಿನ ಕಡತಪೆಟ್ಟಿಗೆಗಳನ್ನು ಇದೇ ರೀತಿ ಹಿಡಿಯಿತು. ಬೇರೆ ಪ್ರತಿಯಿಲ್ಲದ ಮನೆಯವರಿಗೆ ಮಕ್ಕಳ ಬಾಲ್ಯದ ಚಿತ್ರಗಳೇ ಒತ್ತೆಯಾದವು.

ಆದಕಾರಣ ಕೆಲವು ನಿಯಮಗಳನ್ನು ತಪ್ಪದೆ ಪಾಲಿಸಬೇಕು. ೪೪೫ನೆಯ ದ್ವಾರವನ್ನು ಎಂದಿಗೂ ಹೊರಗೆ ತೆರೆಯಕೂಡದು. ರೂಟರಿನೊಂದಿಗೆ ಬಂದ ಗುಪ್ತಪದವನ್ನು ಕೂಡಲೇ ಬದಲಿಸಬೇಕು. ಎಸ್‌ಎಫ್‌ಟಿಪಿಯಲ್ಲಿ ಗುಪ್ತಪದದ ಬದಲಿಗೆ ಗೂಢಕೀಲಿಯನ್ನು ಏರ್ಪಡಿಸಿ, ಬರುವವರಿಗೆ ಒಂದೇ ಕಪಾಟನ್ನು, ಅದೂ ಓದುವದಕ್ಕೆ ಮಾತ್ರ, ಬಿಟ್ಟುಕೊಡಬೇಕು. ೨೨ರ ಬದಲು ೨೨೨೨ ಎಂದು ಅಂಕೆ ಬದಲಿಸಿದರೆ ಬಾಗಿಲು ತಟ್ಟುವವರು ಕಡಿಮೆಯಾಗುವರೇ ಹೊರತು ಅದು ಬೀಗವಲ್ಲ. ಯಂತ್ರಗಳು ನಮ್ಮನ್ನು ಕೇಳದೆ ತಾವೇ ದ್ವಾರ ತೆರೆಸಿಕೊಳ್ಳುವ ‘ಯುಪಿಎನ್‌ಪಿ’ ಎಂಬ ಸೌಕರ್ಯವನ್ನು ನಿಲ್ಲಿಸಬೇಕು. ರೂಟರಿನ ಮತ್ತು ಕಂಪ್ಯೂಟರಿನ ಹೊಸ ತಿದ್ದುಪಡಿಗಳನ್ನು ಬಂದಂತೆಲ್ಲಾ ಅಳವಡಿಸಬೇಕು. ಕಾರ್ಯವು ಮುಗಿದ ಮೇಲೆ ದ್ವಾರವನ್ನು ಮುಚ್ಚಬೇಕು. ಎಲ್ಲಕ್ಕೂ ಮಿಗಿಲಾಗಿ, ಅಮೂಲ್ಯವಾದ ಕಡತಗಳ ಇನ್ನೊಂದು ಪ್ರತಿಯನ್ನು ಯಾವ ತಂತಿಗೂ ಸೇರದ ಡಿಸ್ಕಿನಲ್ಲಿ ತೆಗೆದಿಡಬೇಕು.

ಸದಾಕಾಲ ದಾರಿ ಬೇಕಾದವರಿಗೆ ಇದಕ್ಕಿಂತಲೂ ಉತ್ತಮವಾದುದು ವಿಪಿಎನ್ ಎಂಬ ಗುಪ್ತಮಾರ್ಗ. ೨೦೨೦ರಲ್ಲಿ ಲಿನಕ್ಸಿನೊಳಗೆ ಸೇರಿದ ವೈರ್‌ಗಾರ್ಡ್ ಎಂಬುದಕ್ಕೆ ಒಂದೇ ಒಂದು ದ್ವಾರ ಸಾಕು. ಸರಿಯಾದ ಕೀಲಿಯಿಲ್ಲದೆ ತಟ್ಟಿದವರಿಗೆ ಅದು ಉತ್ತರವನ್ನೇ ಕೊಡದಿರುವದರಿಂದ ಅಲ್ಲಿ ಬಾಗಿಲಿದೆಯೆಂಬುದೇ ಅವರಿಗೆ ತೋರದು.

ಮನೆಯ ಬಾಗಿಲನ್ನು ಯಾರಿಗೆ, ಎಷ್ಟು ಹೊತ್ತು ತೆರೆಯಬೇಕೆಂಬುದನ್ನು ನಮ್ಮ ಗೃಹಿಣಿಯರು ಬಲ್ಲರು. ರೂಟರಿನ ಬಾಗಿಲಿಗೂ ಅದೇ ವಿವೇಕವು ಸಾಕು. ಈ ಕೆಲಸವನ್ನು ಗಂಡುಮಕ್ಕಳಿಗೇ ಬಿಟ್ಟುಬಿಡದೆ ನಮ್ಮ ಪೂರ್ವವಿದ್ಯಾರ್ಥಿನಿಯರು ತಾವೇ ಕೈಯಾರೆ ಮಾಡಿ ಕಲಿಯಬೇಕೆಂದೂ, ಕಲಿತುದನ್ನು ನೆರೆಮನೆಯವರಿಗೂ ತಿಳಿಸಬೇಕೆಂದೂ ನಾವು ಬಿನ್ನವಿಸುತ್ತೇವೆ.