ಬಿದಿರು ಮೆಳೆಗಳನ್ನು ಮುಗಿಸಿದ್ದು ಯಾರು?

ನಿಮಗೊಂದು ಒಗಟು. ಉತ್ತರ ಕನ್ನಡದ ಕಾಡುಗಳಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಬಿದಿರಿತ್ತು. ಕೆಲವೇ ದಶಕಗಳಲ್ಲಿ ಅದು ಕರಗಿಹೋಯಿತು. ಮುಗಿಸಿದ್ದು ಯಾರು? ಕಾಳ್ಗಿಚ್ಚೇ? ದನ ಮೇಯಿಸುವವರೇ? ಬುಟ್ಟಿ ಹೆಣೆಯುವ ಮೇದಾರರೇ?

ಊಹಿಸಿ! ಉತ್ತರ ಆಮೇಲೆ.

ಮೊದಲು ಈ ಬಿದಿರನ್ನೇ ಸರಿಯಾಗಿ ನೋಡೋಣ. ಇದು ಮರ ಅಂದುಕೊಂಡಿರಾ? ಅಲ್ಲ, ಹುಲ್ಲು! ನಿಮ್ಮ ಅಂಗಳದ ಗರಿಕೆ, ಗದ್ದೆಯ ಭತ್ತ, ಹೊಲದ ಜೋಳ, ಎಲ್ಲವೂ ಇದರ ದಾಯಾದಿಗಳೇ. ಆದರೆ 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನು ಮರದ ಸಾಲಿಗೆ ಸೇರಿಸಿಬಿಟ್ಟಿತು. ಅಲ್ಲಿಂದ ಅದರ ಹೆಸರು ತೆಗೆದದ್ದು ಯಾವಾಗ ಗೊತ್ತೆ? 2017ರಲ್ಲಿ! 90 ವರ್ಷ ಒಂದು ಹುಲ್ಲು ಸರ್ಕಾರಿ ಕಡತದಲ್ಲಿ ಮರವಾಗಿಯೇ ನಿಂತಿತ್ತು!

ಹುಲ್ಲಾದರೂ ಎಂಥ ಹುಲ್ಲು! ಮಳೆ ಹಿಡಿದೊಡನೆ ಮೆಳೆಯ ಬುಡದಲ್ಲಿ ಕಳಲೆ ಮೂಡುತ್ತದೆ. ನೆಲ ಸೀಳಿ ತಲೆ ಎತ್ತುವಾಗಲೇ ಅದರ ದಪ್ಪ ತೀರ್ಮಾನವಾಗಿರುತ್ತದೆ. ಮುಂದಿನದೆಲ್ಲ ಮೇಲಕ್ಕೆ, ಇನ್ನೂ ಮೇಲಕ್ಕೆ! ಕೆಲವು ಜಾತಿಯ ಬಿದಿರು ಒಂದೇ ದಿನದಲ್ಲಿ 90 ಸೆಂಟಿಮೀಟರ್ ಬೆಳೆದದ್ದಿದೆ. ನಮ್ಮ ಮುಳ್ಳಿನ ಹೆಬ್ಬಿದಿರೂ ಕಡಿಮೆಯದಲ್ಲ. ಮಳೆಗಾಲಕ್ಕೆ ಹುಟ್ಟಿದ ಕಳಲೆ ವರ್ಷ ತುಂಬುವ ಮೊದಲೇ ತನ್ನ ಪೂರ್ತಿ ಎತ್ತರ ಮುಟ್ಟಿರುತ್ತದೆ.

ಹೂವು? ಬಾಳಿಗೆ ಒಂದೇ ಸಲ! ಸುಮಾರು 40-45 ವರ್ಷ ಕಾದು, ಕಾಡಿಗೆ ಕಾಡೇ ಒಟ್ಟಿಗೆ ಹೂಬಿಟ್ಟು, ಬಿದಿರಕ್ಕಿ ಸುರಿಸಿ, ಒಟ್ಟಿಗೆ ಒಣಗುತ್ತದೆ.

ಇಂಥ ಅದ್ಭುತವನ್ನು ಬ್ರಿಟಿಷರ ಕಾಲದ ಅರಣ್ಯಾಧಿಕಾರಿಗಳು ಏನೆಂದು ಕಂಡರು ಹೇಳಿ. ಕಳೆ! ತೇಗಕ್ಕೆ ಅಡ್ಡಿ, ಕಿತ್ತು ಹಾಕಿ ಅಂದರು. ಆಮೇಲೆ ಗೊತ್ತಾಯಿತು, ಇದರ ನಾರಿನಿಂದ ಕಾಗದ ಮಾಡಬಹುದು ಅಂತ. ನಿನ್ನೆಯ ಕಳೆ ಇವತ್ತಿನ ಕಚ್ಚಾಮಾಲಾಯಿತು!

1950ರ ದಶಕದ ಕೊನೆಗೆ ದಾಂಡೇಲಿಯಲ್ಲಿ, ಕಾಳಿ ನದಿಯ ದಂಡೆಯಲ್ಲಿ, ಕಾಗದದ ಕಾರ್ಖಾನೆ ಶುರುವಾಯಿತು. ಸುತ್ತಲೂ ಬಿದಿರೇ ಬಿದಿರು. ಸರ್ಕಾರ ಅದಕ್ಕೆ ಬಿದಿರನ್ನು ಯಾವ ಬೆಲೆಗೆ ಕೊಟ್ಟಿತು? ಒಂದು ಟನ್‌ಗೆ? ನೂರು ರೂಪಾಯಿ? ಐವತ್ತು? ಇನ್ನೂ ಇಳಿಯಿರಿ. ಇನ್ನೂ!

ಎರಡು ರೂಪಾಯಿಗೂ ಕಡಿಮೆ! ಟನ್‌ಗೆ! ಪೇಟೆಯಲ್ಲಿ ಅದೇ ಬಿದಿರು ಟನ್‌ಗೆ ಸಾವಿರ ರೂಪಾಯಿಗೂ ಮೇಲಿತ್ತು. ಇನ್ನು ಮೇದಾರರನ್ನು ನೋಡಿ. ಕಲ್ಯಾಣದ ಶರಣರ ಜೊತೆ ಕೂತ ಕೇತಯ್ಯನದೂ ಅವರದೇ ಕಸುಬು. ಎಂಟು ಶತಮಾನ ದಾಟಿದ ಕಸುಬು. ಒಂದು ಮೊರ, ಒಂದು ಬುಟ್ಟಿ ಹೆಣೆಯಲು ಅವರು ಪೇಟೆಯ ದರವನ್ನೇ ತೆರಬೇಕಿತ್ತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಇಷ್ಟಾದರೂ ಬಿದಿರು ಕಡಿಮೆಯಾದಾಗ ಬೊಟ್ಟು ಮಾಡಿದ್ದು ಹಳ್ಳಿಯವರ ಕಡೆಗೇ! 1970ರ ದಶಕದಲ್ಲಿ ರಾಜ್ಯ ಸರ್ಕಾರ ಕಾರಣ ಹುಡುಕಲು ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರನ್ನು ಕೇಳಿತು. ಅವರೂ ಜೊತೆಗಾರ ಎಸ್. ನರೇಂದ್ರ ಪ್ರಸಾದರೂ ಕಾಡು ಹೊಕ್ಕರು. ಮೆಳೆ ಮೆಳೆಯ ಬುಡ ನೋಡಿದರು. ಕಳಲೆ ಎಣಿಸಿದರು.

ಸಿಕ್ಕ ಉತ್ತರವೇನು? ಕೊನೆಯ ಅವಕಾಶ, ಹೇಳಿಬಿಡಿ!

ಮುಳ್ಳು!

ಹೌದು, ಮುಳ್ಳು. ಮೆಳೆಯ ಬುಡದಲ್ಲಿ ಮುಳ್ಳಿನ ಟೊಂಗೆಗಳು ಒಂದಕ್ಕೊಂದು ಹೆಣೆದುಕೊಂಡು ಬೇಲಿಯಾಗಿರುತ್ತವೆ. ಕೈ ಹಾಕಿದರೆ ರಕ್ತ! ಕಾರ್ಖಾನೆಗೆ ಬಿದಿರು ಕಡಿಯುವ ಮೊದಲು ಈ ಬೇಲಿಯನ್ನು ಸವರಿ ಹಾಕುತ್ತಿದ್ದರು. ಬುಡ ಚೊಕ್ಕಟವಾದರೆ ಮೆಳೆಗೆ ಒಳ್ಳೆಯದು, ಇಕ್ಕಟ್ಟು ಕಳೆದು ಹೊಸ ಬಿದಿರು ಸಲೀಸಾಗಿ ಏಳುತ್ತದೆ ಎಂಬ ನಂಬಿಕೆ. ಕೆಟ್ಟ ಉದ್ದೇಶವಲ್ಲ, ಮೆಳೆಗೆ ಉಪಕಾರ ಅಂದುಕೊಂಡೇ ಮಾಡಿದ್ದು!

ಆದದ್ದೇನು? ಮಳೆ ಬಂತು. ಕಳಲೆ ಎದ್ದಿತು. ಎಳೆಯದು, ರಸ ತುಂಬಿದ್ದು, ನಮಗೇ ಪಲ್ಯಕ್ಕೆ ಅಷ್ಟು ಪ್ರಿಯವಾದದ್ದು. ಕಾವಲೇ ಇಲ್ಲ! ಮುಳ್ಳುಹಂದಿ ಬಂತು. ಕಾಡುಹಂದಿ ಬಂತು. ಮುಸುವ ಇಳಿಯಿತು. ದನಗಳೂ ಬಾಯಿ ಹಾಕಿದವು. ವರ್ಷದ ಫಸಲು ಬುಡದಲ್ಲೇ ಖಾಲಿ! ಹಳೆಯ ಬಿದಿರು ಕಾರ್ಖಾನೆಗೆ, ಹೊಸದು ಪ್ರಾಣಿಗಳ ಹೊಟ್ಟೆಗೆ. ಮೆಳೆ ಉಳಿಯುವುದಾದರೂ ಹೇಗೆ?

ಇನ್ನೂ ದೊಡ್ಡ ಅಚ್ಚರಿ ಇಲ್ಲಿದೆ. ಹಳ್ಳಿಯವರಿಗೆ ಇದು ಮೊದಲೇ ಗೊತ್ತಿತ್ತು! ಅವರು ಮುಳ್ಳಿನ ತಂಟೆಗೇ ಹೋಗುತ್ತಿರಲಿಲ್ಲ. ಬೇಲಿಯನ್ನು ಹಾಗೇ ಬಿಟ್ಟು, ಅದಕ್ಕಿಂತ ಮೇಲೆ ಕತ್ತಿ ಹಾಕುತ್ತಿದ್ದರು. ಕೆಳಗಿನ ತುಂಡು ಹೋದರೆ ಹೋಗಲಿ! ಯಾರ ಮೇಲೆ ಅಪವಾದವಿತ್ತೋ ಅವರ ಕತ್ತಿಯೇ ಮೆಳೆಯನ್ನು ಕಾಯುತ್ತಿತ್ತು!

ಬಿದಿರು ತೀರಿದ ಮೇಲೆ ನೀಲಗಿರಿಯ ಸರದಿ. ಕಾಗದಕ್ಕೆ ಬೇಗ ಸಿಗುತ್ತದೆಂದು ಮಲೆನಾಡಿನ ಹಸಿರು ಕಾಡನ್ನೇ ಬೋಳಿಸಿ ನೆಟ್ಟರು. ಹೆಚ್ಚು ಮಳೆಯ ಜಾಗದಲ್ಲಿ ಅದನ್ನು ಕಾಯುತ್ತಿದ್ದದ್ದು ಒಂದು ಬೂಷ್ಟು! ಗುಲಾಬಿ ಬಣ್ಣದ ಆ ರೋಗ ತೊಗಟೆಯನ್ನು ಮುತ್ತಿತು. ನೆಡುತೋಪುಗಳು ಸೊರಗಿದವು. ಕಡಿದ ಕಾಡಂತೂ ಮರಳಲಿಲ್ಲ.

ಈ ಮಳೆಗಾಲ ಮಲೆನಾಡಿಗೆ ಹೋದರೆ ಒಂದು ಕೆಲಸ ಮಾಡಿ. ಹೆಬ್ಬಿದಿರ ಮೆಳೆ ಕಂಡಲ್ಲಿ ನಿಲ್ಲಿ. ಮುಳ್ಳಿನ ಸಂದಿಯಲ್ಲಿ ಇಣುಕಿ. ಕಂದು ಸಿಪ್ಪೆ ಹೊದ್ದ ಚೂಪು ತಲೆಯೊಂದು ಕಾಣುತ್ತದೆ. ಕೈ ಹಾಕಬೇಡಿ! ಅದರ ತುದಿ ಯಾವ ಮುಳ್ಳಿನ ಸಮಕ್ಕಿದೆ ಅಂತ ಗುರುತಿಟ್ಟುಕೊಳ್ಳಿ. ನಾಳೆ ಇದೇ ಹೊತ್ತಿಗೆ ಮತ್ತೆ ಬನ್ನಿ. ಆ ಮುಳ್ಳು ಕೆಳಗೆ ಉಳಿದಿರುತ್ತದೆ!