ಕುನ್ನಿಗೊಂದು ಮನೆ

ಆಷಾಢದ ಮಳೆ ಹಿಡಿದಿದೆ; ರಿಪ್ಪನ್‌ಪೇಟೆಯಲ್ಲಿ ಬಸ್ಸಿಗಾಗಿ ಕಾದು ನಿಂತಿದ್ದೇವೆ ಎಂದಿಟ್ಟುಕೊಳ್ಳೋಣ. ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ, ಇನ್ನೂ ಕಣ್ಣು ಬಿಡದ ಎರಡು ನಾಯಿಕುನ್ನಿಗಳು ಒಂದನ್ನೊಂದು ಒತ್ತಿಕೊಂಡು ಮಲಗಿವೆ. ಅವನ್ನು ಎತ್ತಿಕೊಂಡು ಹೋಗಿ ಹಸುವಿನ ಹಾಲು ಕುಡಿಸಬೇಕೆಂದು ನಮಗೆ ತೋರುವುದು ಸಹಜ. ಆದರೆ ಇಲ್ಲಿ ಕನಿಕರವೊಂದೇ ಸಾಲದು. ತಿಳಿವಳಿಕೆಯಿಲ್ಲದ ಕನಿಕರವು ಮರಿಯ ಪ್ರಾಣಕ್ಕೇ ಎರವಾಗಬಹುದು.

ಮೊದಲು ದೂರ ನಿಂತು ನೋಡಬೇಕು. ತಾಯಿ ಆಹಾರ ಹುಡುಕಿ ಹೋಗಿದ್ದು, ಸ್ವಲ್ಪ ಹೊತ್ತಿಗೆ ಮರಳಬಹುದು. ಅದು ಬಾರದೆ ಮರಿಗಳು ತಣ್ಣಗಾಗತೊಡಗಿದರೆ ಮಾತ್ರ ಎತ್ತಬೇಕು. ಹುಟ್ಟಿದ ಮೊದಲ ವಾರಗಳಲ್ಲಿ ಕುನ್ನಿಗೆ ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ತಣ್ಣಗಾದ ಮರಿಯ ಕರುಳಿನ ಚಲನೆ ಕುಗ್ಗುತ್ತದೆ. ಆಗ ಕುಡಿಸಿದ ಹಾಲು ಜೀರ್ಣವಾಗದು. ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಿಸಲೂಬಹುದು. ಆದುದರಿಂದ ಮೊದಲು ಶಾಖ, ಆಮೇಲೆ ಹಾಲು. ಬಿಸಿನೀರಿನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಬಳಿಯಲ್ಲಿಟ್ಟರೂ ಸಾಕು. ನಾಯಿಯ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಹಸುವಿನ ಹಾಲಿಗಿಂತ ಸುಮಾರು ಎರಡು ಪಟ್ಟು ಇರುತ್ತವೆ. ಸಕ್ಕರೆಯ ಅಂಶ ಕಡಮೆ. ಹಸುವಿನ ಹಾಲಿನಿಂದ ಮರಿಗೆ ಭೇದಿಯಾಗುವುದುಂಟು. ಅದಕ್ಕೆ ತಕ್ಕ ಹಾಲು ಯಾವುದೆಂದು ಪಶುವೈದ್ಯರನ್ನು ಕೇಳುವುದೇ ಲೇಸು.

ಮರಿ ಬದುಕಿತು. ಇನ್ನು ಅದಕ್ಕೆ ಮನೆ ಹುಡುಕುವುದು ಯಾವಾಗ? ಅಮೆರಿಕದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದ ವಿಜ್ಞಾನಿಗಳು ಇದಕ್ಕೆ ಉತ್ತರ ಕೊಡಬಲ್ಲ ಪ್ರಯೋಗವೊಂದನ್ನು ನಡೆಸಿ, 1961ರಲ್ಲಿ ಪ್ರಕಟಿಸಿದರು. ಎತ್ತರದ ಬೇಲಿಯೊಳಗೆ, ಮನುಷ್ಯರ ಸಂಪರ್ಕವಿಲ್ಲದೆ ಕುನ್ನಿಗಳನ್ನು ಬೆಳೆಸಿದರು. ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಅವನ್ನು ಹೊರತಂದು ಮನುಷ್ಯರೊಡನೆ ಆಡಲು ಬಿಟ್ಟರು. ಐದರಿಂದ ಒಂಬತ್ತನೆಯ ವಾರದೊಳಗೆ ಹೊರಬಂದವು ಬಲುಬೇಗ ಒಗ್ಗಿಕೊಂಡವು. ಹದಿನಾಲ್ಕು ವಾರಗಳವರೆಗೂ ಮನುಷ್ಯರ ಒಡನಾಟ ಕಾಣದಿದ್ದವು ಕಾಡುಪ್ರಾಣಿಗಳಂತೆ ಬೆದರಿ ದೂರ ಸರಿದವು. ಬೆಕ್ಕಿನ ಮರಿಗಳಲ್ಲಿ ಈ ಅವಧಿ ಇನ್ನೂ ಬೇಗ, ಸುಮಾರು ಎರಡರಿಂದ ಏಳು ವಾರಗಳೊಳಗೇ ಕಳೆದುಹೋಗುತ್ತದೆ.

ಹಾಗೆಂದು ಆತುರವೂ ಸಲ್ಲದು. ಕಚ್ಚಿ ಆಡುವಾಗ ಹಲ್ಲಿನ ಬಿಗಿಯನ್ನು ಹಿಡಿತದಲ್ಲಿಡುವುದನ್ನು ಕುನ್ನಿ ಕಲಿಯುವುದು ಒಡಹುಟ್ಟಿದವುಗಳ ಜೊತೆಯಲ್ಲಿಯೇ. ಎಂಟು ವಾರಗಳವರೆಗೆ ತಾಯಿಯೊಡನಿದ್ದು, ಆ ಅವಧಿಯಲ್ಲಿಯೇ ಮನುಷ್ಯರ ಕೈಯ ಸ್ಪರ್ಶವನ್ನೂ ಅರಿತ ಮರಿ ಹೊಸ ಮನೆಗೆ ಸಿದ್ಧವಾಗಿರುತ್ತದೆ.

ಬೆಂಗಳೂರಿನಲ್ಲಿ 1991ರಲ್ಲಿ ಹುಟ್ಟಿದ ‘ಕ್ಯೂಪಾ’ದಂತಹ ಸಂಸ್ಥೆಗಳು ಅನಾಥ ಪ್ರಾಣಿಗಳಿಗೆ ಆಶ್ರಯವಿತ್ತು ಮನೆ ಹುಡುಕಿಕೊಡುತ್ತವೆ. ಸಣ್ಣ ಊರುಗಳಲ್ಲಿ ಈ ಹೊಣೆ ಬಹುಮಟ್ಟಿಗೆ ನಮ್ಮನಿಮ್ಮಂಥವರದೇ. ಹೊಣೆಯ ದೊಡ್ಡ ಭಾಗ ರೇಬೀಸ್ ರೋಗಕ್ಕೆ ಸಂಬಂಧಿಸಿದುದು. ಈ ರೋಗದ ಲಕ್ಷಣಗಳು ತೋರಿದ ಮೇಲೆ ಬದುಕಿ ಉಳಿದವರು ಅತಿ ವಿರಳ. ಅದಕ್ಕೆ ಮೊದಲೇ ಲಸಿಕೆ ಪಡೆದರೆ ಅದನ್ನು ತಡೆಯಬಹುದು. ಮರಿ ಕಚ್ಚಲಿ, ಪರಚಲಿ, ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮರಿಗೆ ಈ ಲಸಿಕೆ ಹಾಕಿಸುವುದು ಸಾಮಾನ್ಯವಾಗಿ ಮೂರು ತಿಂಗಳಿಗೆ. ಎಂಟು ವಾರಕ್ಕೆ ಮನೆ ಸೇರಿದ ಕುನ್ನಿಗೆ ಅದು ಆಗಿರುವುದಿಲ್ಲ. ಆದುದರಿಂದ ಮರಿಯನ್ನು ಕೊಟ್ಟವರು ತಿಂಗಳಾದ ಮೇಲೆ ಆ ಮನೆಗೆ ಹೋಗಿ ವಿಚಾರಿಸಲೇಬೇಕು.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ನಾಯಿಯ ಗರ್ಭಾವಧಿ ಸುಮಾರು 63 ದಿನಗಳು. ಆ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ, ಮುಂದಿನ ಮಳೆಗಾಲದಲ್ಲಿ ಅದೇ ಜಗಲಿಯ ಮೇಲೆ ಮತ್ತೆ ಮರಿಗಳು ಮಲಗಿರುತ್ತವೆ. ಕುನ್ನಿಗೆ ಮನೆ ಹುಡುಕುವವರು ತಾಯಿಯನ್ನು ಮರೆಯಬಾರದು.